ನಾನೂರ ಮೂವತ್ತಮೂರು ದಿನ

ಪೀರಣ್ಣನ ಅಂಗಡಿಯ ಗಾಜಿನ ಕಪಾಟಿನಲ್ಲಿ ಆ ಶನಿವಾರ ಜೇಬಿನಲ್ಲಿ ಹಿಡಿಸುವ ಕ್ಯಾಮೆರಾಗಳು ಹನ್ನೊಂದು ಇದ್ದವು. ಒಂದೊಂದರ ಕೊರಳಿಗೂ ದಾರ ಕಟ್ಟಿ, ದಾರಕ್ಕೆ ಚೀಟಿ ಪೋಣಿಸಿ, ಅದರ ಮೇಲೆ ಪೀರಣ್ಣ ತನ್ನ ದುಂಡು ಅಕ್ಷರಗಳಲ್ಲಿ ಬರೆದಿದ್ದ: ಆರು ದಿನ. ನಲವತ್ತು ದಿನ. ಎರಡು ವರ್ಷ ಒಂದು ತಿಂಗಳು. ಕೆಂಪು ಬಣ್ಣದ, ಹುಡುಗಿಯರು ಇಷ್ಟಪಡುವಂಥ ಒಂದಕ್ಕೆ ಮೂವತ್ತೊಂದು ವರ್ಷ ಎಂದಿತ್ತು. ಅದನ್ನು ಯಾರೂ ಮುಟ್ಟಿದಂತಿರಲಿಲ್ಲ.

ನಮ್ಮೂರಿನಲ್ಲಿ ಕ್ಯಾಮೆರಾ ಎದುರಿಗೆ ಇರುವುದನ್ನು ತೋರಿಸುವುದಿಲ್ಲ. ಎದುರಿಗೆ ಇದ್ದುದನ್ನು ತೋರಿಸುತ್ತದೆ. ಎಷ್ಟು ದಿನ ಹಿಂದಿನದು ಎಂಬುದು ಒಂದೊಂದು ಕ್ಯಾಮೆರಾಕ್ಕೆ ಒಂದೊಂದು ಥರ, ಆದರೆ ಒಮ್ಮೆ ಗೊತ್ತಾದರೆ ಮತ್ತೆ ಬದಲಾಗುವುದಿಲ್ಲ. ಮದುವೆ ಮನೆಯಲ್ಲಿ ಗಂಡು ಹೆಣ್ಣು ನೆಲದ ಮೇಲಿನ ಸೀಮೆಸುಣ್ಣದ ಗುರುತನ್ನು ನೋಡಿ ನಗುತ್ತಾರೆ. ಮಾರನೆಯ ದಿನ ಅದೇ ಮುಹೂರ್ತಕ್ಕೆ ಫೋಟೋದವನು ಒಂದು ದಿನದ ಕ್ಯಾಮೆರಾ ತಂದು, ಆ ಗುರುತಿನ ಮೇಲೆ ನಿಂತು, ಗುಡಿಸಿಟ್ಟ ಖಾಲಿ ಮಂಟಪವನ್ನು ಕ್ಲಿಕ್ಕಿಸಿಕೊಂಡು ಹೋಗುತ್ತಾನೆ. ಹೊರಗಿನ ಊರಿನಿಂದ ಬಂದ ಸೊಸೆಯರಿಗೆ ಮೊದಮೊದಲು ಇದು ಕಸಿವಿಸಿ, ಆಮೇಲೆ ಅವರೂ ಗುರುತು ನೋಡಿ ನಗುವುದನ್ನು ಕಲಿಯುತ್ತಾರೆ.

ಹೊಸ ಕ್ಯಾಮೆರಾ ಬಂದಾಗ ಪೀರಣ್ಣ ಅಂಗಡಿಯ ಹಿಂಗೋಡೆಯಲ್ಲಿ ತೂಗುವ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರನ್ನು ಫೋಟೋ ತೆಗೆಯುತ್ತಾನೆ. ಬಂದ ಚಿತ್ರದಲ್ಲಿ ಯಾವ ತಾರೀಕಿದೆ ಎಂದು ಓದಿ, ಲೆಕ್ಕ ಹಾಕಿ, ಚೀಟಿ ಬರೆಯುತ್ತಾನೆ. ಇದಕ್ಕಾಗಿ ಮೂವತ್ತೈದು ವರ್ಷದಿಂದ ಒಂದು ಭಾನುವಾರವೂ ತಪ್ಪದೆ ಅಂಗಡಿಗೆ ಬಂದು, ಅರ್ಧ ಬಾಗಿಲು ತೆಗೆದು, ಹಾಳೆ ಹರಿದು ಹೋಗಿದ್ದಾನೆ. ಹೆಂಡತಿ ಹೆತ್ತ ದಿನವೂ ಹರಿದಿದ್ದನಂತೆ. ನಮ್ಮೂರಿನಲ್ಲಿ ಎಲ್ಲರ ಮನೆಯ ಎಲ್ಲ ಕೋಣೆಗಳಲ್ಲೂ ಅಂಥ ಕ್ಯಾಲೆಂಡರು ಇರುತ್ತದೆ.

"ಹಳೇ ಮನೆ ಗಂಟೆಗಾ?" ಎಂದು ಪೀರಣ್ಣ ಕೇಳಿದ.

"ಹೌದು ಪೀರಣ್ಣ. ಗುರುವಾರ ಮೂರರಿಂದ ನಾಲ್ಕು ಕೊಟ್ಟಿದಾರೆ," ಎಂದಳು ಅಮ್ಮ.

ಬಿಟ್ಟುಬಂದ ಬಾಡಿಗೆ ಮನೆಗೆ ವಾರಕ್ಕೆ ಒಂದು ಗಂಟೆ ಹೋಗಿ ನಿಲ್ಲುವ ಹಕ್ಕು ನಮ್ಮೂರಿನ ಕರಾರುಪತ್ರಗಳಲ್ಲೇ ಇರುತ್ತದೆ. ಷರತ್ತುಗಳೂ ಇರುತ್ತವೆ. ಬೇರೆಯವರ ಸಂಸಾರದೊಳಗೆ ದೊಡ್ಡ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು ತರುವಂತಿಲ್ಲ. ಜೇಬಿನಲ್ಲಿ ಹಿಡಿಸುವುದು ಮಾತ್ರ. ಆ ಕ್ಯಾಮೆರಾ ಎಷ್ಟು ದಿನದ್ದು ಎಂದು ಪತ್ರದಲ್ಲಿ ಬರೆಸಬೇಕು, ಹೊಸಬರ ದಿನಗಳು ಹಳಬರ ಕಣ್ಣಿಗೆ ಬೀಳಬಾರದಲ್ಲ. ಒಮ್ಮೆ ಬರೆಸಿದ ಮೇಲೆ ಬದಲಾಯಿಸುವಂತಿಲ್ಲ.

ಅಪ್ಪ ತೀರಿಕೊಂಡ ಎರಡು ತಿಂಗಳಿಗೆ ನಾವು ಆ ಮನೆ ಬಿಟ್ಟಿದ್ದೆವು. ಟೈಲರ್ ಜ್ಞಾನಪ್ಪ ಎಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಅಂಗಡಿ ಇರಲಿಲ್ಲ, ನಡುಮನೆಯ ಕಿಟಕಿ ಪಕ್ಕದ ಹೊಲಿಗೆ ಮಿಷನ್ನೇ ಅಂಗಡಿ. ನಾವು ಅವರ ಫೋಟೋ ತೆಗೆದವರೇ ಅಲ್ಲ. ಆಮೇಲೆ ತೆಗೆದರಾಯಿತು ಎನ್ನುವುದು ನಮ್ಮೂರಿನವರ ಜಾಯಮಾನ.

ಪೀರಣ್ಣ ಎರಡು ಕ್ಯಾಮೆರಾ ಆರಿಸಿ ಗಾಜಿನ ಮೇಲಿಟ್ಟ. ಒಂದು ಬೆಳ್ಳಿ ಬಣ್ಣದ್ದು, ಬೀಡಿ ಕಟ್ಟಿಗಿಂತ ಚೂರು ದಪ್ಪ. ಅದು ಒಂಬತ್ತು ವರ್ಷದ್ದು. ಇನ್ನೊಂದು ಕಪ್ಪು, ಮೂಲೆಯಲ್ಲಿ ಸಣ್ಣ ಗೀರು.

"ಬೆಳ್ಳಿದು ಒಳ್ಳೇ ಪೀಸು. ಬ್ಯಾಟರಿ ಬಾಳುತ್ತೆ, ಝೂಮ್ ಐದು ಪಟ್ಟು. ಆದ್ರೆ ಒಂದು ತಿಳ್ಕೊಳ್ಳಿ. ಇದರ ದಿನಗಳ ಲೆಕ್ಕ ಹೆಂಗೆ ಬಿದ್ದಿದೆ ಅಂದ್ರೆ, ನೀವು ಗುರುವಾರ ಹೋದ್ರೆ ಇದರಲ್ಲಿ ಯಾವತ್ತೂ ಮಂಗಳವಾರನೇ ಕಾಣೋದು. ಪ್ರತಿ ಗುರುವಾರಕ್ಕೂ ಒಂದು ಮಂಗಳವಾರ."

ಅಮ್ಮ ಕ್ಯಾಮೆರಾ ಕೈಗೆತ್ತಿಕೊಂಡು ಸೆರಗಿನಿಂದ ಅದರ ಬೆನ್ನು ಒರೆಸಿದಳು. "ಮಂಗಳವಾರ ಹಗ್ಗದ ಕಾರ್ಖಾನೆಗೆ ರಜೆ," ಎಂದಳು, ನನಗೆ ಗೊತ್ತೇ ಇಲ್ಲವೆಂಬಂತೆ. "ನಾನೂ ಮನೇಲಿ ಇರ್ತಿದ್ದೆ. ಮೂರು ಗಂಟೆಗೆ ಟೀ ಕುಡೀತಿದ್ವಿ. ಇಂದೂ, ನೀನು ಸ್ಕೂಲಿಂದ ಬರೋದೂ ಸಿಗುತ್ತೆ, ಎರಡು ಜಡೆ ಹಾಕ್ಕೊಂಡು."

"ಎಷ್ಟು ದಿನ ನೋಡಬಹುದು?" ಎಂದು ನಾನು ಕೇಳಿದೆ.

"ಎಂಟು ವರ್ಷದ ಮಂಗಳವಾರ ಸಿಗುತ್ತೆ ತಂಗಿ. ಕಮ್ಮಿ ಆಯ್ತಾ?"

"ಕರಿದು?"

"ಅದು ನಿಮಗೆ ಬೇಡ. ನಾನೂರ ಮೂವತ್ತಮೂರು ದಿನದ್ದು. ಹತ್ತು ವಾರಕ್ಕೆ ಮುಗಿದೇ ಹೋಗುತ್ತೆ, ಆಮೇಲೆ ಹೊಸಬರು ಕಾಣೋಕೆ ಶುರುವಾಗ್ತಾರೆ." ಪೀರಣ್ಣ ಹೇಳುತ್ತಲೇ ಅಭ್ಯಾಸಬಲದಿಂದ ಗೋಡೆಯತ್ತ ತಿರುಗಿಸಿ ಕ್ಲಿಕ್ಕಿಸಿ ಸ್ಕ್ರೀನ್ ನನ್ನ ಕಡೆ ಹಿಡಿದ. ಕ್ಯಾಲೆಂಡರಿನಲ್ಲಿ ಭಾನುವಾರ, ಐದನೇ ತಾರೀಕು ಎಂದಿತ್ತು.

ನಾನು ಬೆರಳು ಎಣಿಸಿದೆ. ಈ ಗುರುವಾರ ಹೋದರೆ ಆ ಹತ್ತನೇ ತಾರೀಕು, ಶುಕ್ರವಾರ. ಮುಂದಿನ ಗುರುವಾರ ಹೋದರೆ ಹದಿನೇಳು, ಶುಕ್ರವಾರ. ಅಪ್ಪ ಹೋದದ್ದು ಹದಿನೇಳರ ಮಧ್ಯಾಹ್ನ, ಮೂರೂವರೆಗೋ ನಾಲ್ಕಕ್ಕೋ ಎಂದು ಡಾಕ್ಟರು ಹೇಳಿದ್ದರು. ನಾನು ಮನೆಯಿಂದ ಹೊರಬಿದ್ದದ್ದು ಮೂರು ದಾಟಿ ಐದು ನಿಮಿಷಕ್ಕೆ.

ಅಮ್ಮ ನನ್ನ ಬೆರಳುಗಳನ್ನು ನೋಡುತ್ತಿದ್ದಳು. "ಆ ದಿನದಲ್ಲಿ ನೋಡೋಕೇನೂ ಇಲ್ಲ ಇಂದೂ," ಎಂದಳು.

"ನಿನಗೆ ಹೇಗೆ ಗೊತ್ತು?"

"ನನಗೆ ಅವರು ಹೋಗೋದು ನೋಡಬೇಕಾಗಿಲ್ಲ. ಟೀ ಕುಡಿಯೋದು ನೋಡಬೇಕು." ಪೀರಣ್ಣನಿಗೆ, "ಬೆಳ್ಳಿದು ತೆಗೆದಿಡು, ಸೋಮವಾರ ಇವಳು ಪತ್ರ ತಂದು ಬರೆಸಿಕೊಂಡು ಹೋಗ್ತಾಳೆ," ಎಂದಳು.

ಆ ಮಧ್ಯಾಹ್ನದ ಜಗಳವನ್ನು ಜಗಳ ಎಂದರೆ ಬೇರೆ ಊರಿನವರು ನಗಬಹುದು. ನಮ್ಮಲ್ಲಿ ಮನೆಯಿಂದ ಹೊರಡುವವರು ಹೊಸ್ತಿಲ ಹತ್ತಿರ ತಿರುಗಿ, ಒಳಗಿನ ಖಾಲಿ ಜಾಗವನ್ನು ನೋಡುತ್ತ, ನಾಲ್ಕು ಉಸಿರು ನಿಲ್ಲಬೇಕು. ಮುಂದೆ ಎಂದೋ ಯಾರೋ ಕ್ಯಾಮೆರಾ ಹಿಡಿದರೆ ಆ ಮುಖ ಸಿಗಲಿ ಎಂದು. ಇದಕ್ಕೆ ಮುಖ ಕೊಡುವುದು ಎನ್ನುತ್ತಾರೆ. ನಾನು ಅದನ್ನು ಬಿಟ್ಟು ವರ್ಷಗಳಾಗಿದ್ದವು. ಇಡೀ ಊರು ಆಮೇಲೆ ನೋಡುವವರಿಗಾಗಿ ಬದುಕುತ್ತಿದೆ, ಈಗ ನೋಡುವವರು ಒಬ್ಬರೂ ಇಲ್ಲ ಎಂದು ಗ್ರಂಥಾಲಯದಲ್ಲಿ ಗೆಳತಿಯರೆದುರು ಭಾಷಣ ಮಾಡುತ್ತಿದ್ದೆ. ಆ ದಿನವೂ ಚೀಲ ಹೆಗಲಿಗೆ ಹಾಕಿಕೊಂಡು ನೇರ ಬಾಗಿಲಿಗೆ ನಡೆದೆ.

"ಮುಖ ಕೊಟ್ಟು ಹೋಗು ಮಾರಾಯ್ತಿ," ಎಂದರು ಅಪ್ಪ, ಮಿಷನ್ ನಿಲ್ಲಿಸದೆ.

"ನೀನು ಈಗ ತಲೆ ಎತ್ತಿ ನೋಡು. ಇಲ್ಲೇ ಇದೀನಲ್ಲ."

"ನನಗಲ್ಲ. ಆಮೇಲಿಗೆ."

"ಆಮೇಲಿನದು ನನಗೆ ಬೇಕಾಗಿಲ್ಲ. ಸತ್ತವರ ಅಭ್ಯಾಸ ಇದು," ಎಂದು ಚಪ್ಪಲಿ ಮೆಟ್ಟಿದೆ. ಬೆನ್ನ ಹಿಂದೆ ಮಿಷನ್ ನಿಂತ ಸದ್ದು ಕೇಳಿಸಿತು. ಅವರು ಎದ್ದರೋ ಇಲ್ಲವೋ, ಬಾಗಿಲವರೆಗೆ ಬಂದರೋ, ಕರೆದರೋ, ನಾನು ತಿರುಗಿ ನೋಡಲಿಲ್ಲ. ಸಂಜೆ ಅಮ್ಮ ಕಾರ್ಖಾನೆಯಿಂದ ಬಂದಾಗ ಅವರು ನೆಲದ ಮೇಲಿದ್ದರು. ನಾನು ಬಂದಾಗ ಚಾಪೆಯ ಮೇಲಿದ್ದರು. ನನ್ನ ಹಿಂದೆ ಓಡಿ ಬರಲು ಎದ್ದದ್ದಕ್ಕೇ ಹಾಗಾಯಿತೇ ಎಂಬ ಒಂದು ಪ್ರಶ್ನೆಯ ಜೊತೆ ನಾನು ಹದಿನಾಲ್ಕು ತಿಂಗಳು ಉಂಡಿದ್ದೆ, ಮಲಗಿದ್ದೆ. ಎಂಟು ವರ್ಷದ ಮಂಗಳವಾರಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಸೋಮವಾರ ನಾನು ಕಪ್ಪು ಕ್ಯಾಮೆರಾ ತೆಗೆದುಕೊಂಡೆ. ಪೀರಣ್ಣ ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆ ನೋಡಿದ. "ನಿಮ್ಮಮ್ಮ ರುಕ್ಮಕ್ಕಂಗೆ ಹೇಳಿದೀಯಾ?"

"ಹೇಳ್ತೀನಿ."

"ಆಮೇಲೆ ಹೇಳೋ ಪೈಕಿ ಇದು," ಎಂದು ಗೊಣಗಿ ಕರಾರುಪತ್ರದ ಮೇಲೆ ಬರೆದ: ನಾನೂರ ಮೂವತ್ತಮೂರು. ಅಂಕಿಯಲ್ಲೂ ಅಕ್ಷರದಲ್ಲೂ.

ಮನೆಗೆ ಬಂದು ಕ್ಯಾಮೆರಾ ಮೇಜಿನ ಮೇಲಿಟ್ಟೆ. ಅಮ್ಮ ಹಿಟ್ಟಿನ ಕೈಯಲ್ಲೇ ಬಂದು ನೋಡಿದಳು. ಕಪ್ಪು ಬಣ್ಣ ನೋಡಿದಳು, ಗೀರು ನೋಡಿದಳು. ಚೀಟಿ ಓದಲು ಬಗ್ಗಲಿಲ್ಲ. "ಚಾರ್ಜಿಗೆ ಹಾಕು," ಎಂದು ಒಳಗೆ ಹೋದಳು. ಆ ಸಂಜೆ ರೊಟ್ಟಿ ತಟ್ಟುವ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು. ಎರಡೇ ಜನಕ್ಕೆ ಅಷ್ಟು ರೊಟ್ಟಿ ಬೇಕಿರಲಿಲ್ಲ.

ಮೊದಲ ಗುರುವಾರ ನಾನೊಬ್ಬಳೇ ಹೋದೆ. ಹಳೇ ಮನೆಯಲ್ಲಿ ಈಗ ಇರುವವರು ಚೆಲುವಮ್ಮ ಎಂಬವರು, ಗಂಡನದು ಸೈಕಲ್ ರಿಪೇರಿ. ಮಿಷನ್ ಇದ್ದ ಜಾಗದಲ್ಲಿ ಅವರ ಮಂಚ ಇತ್ತು. ನಾನು ಬರುತ್ತೇನೆಂದು ಹಾಸಿಗೆ ಸುತ್ತಿಟ್ಟು, ನೆಲ ಒರೆಸಿ, ತಾವು ಅಡುಗೆಮನೆಯ ಬಾಗಿಲಲ್ಲಿ ಮುದುಡಿಕೊಂಡು ನಿಂತಿದ್ದರು.

"ನೀವು ಓಡಾಡಿ ಅಕ್ಕ, ನೀವು ಕಾಣಲ್ಲ ಇದರಲ್ಲಿ," ಎಂದೆ.

"ಗೊತ್ತು ತಂಗಿ. ಆದ್ರೂ ಕಾಲಿಗೆ ಅಡ್ಡ ಸಿಕ್ಕಂಗೆ ಆಗುತ್ತಲ್ಲ, ಅವರಿಗೆ."

ಆ ದಿನ ನನಗೆ ಒಂದೇ ಚಿಂತೆ. ಪೀರಣ್ಣನ ಲೆಕ್ಕ ಒಂದು ದಿನ ಆಚೀಚೆ ಆಗಿದ್ದರೆ ಮುಂದಿನ ಗುರುವಾರ ನನ್ನ ಕೈತಪ್ಪುತ್ತದೆ. ಆದ್ದರಿಂದ ಇದು ಪರೀಕ್ಷೆಯ ದಿನ ಎಂದುಕೊಂಡಿದ್ದೆ. ನಮ್ಮ ಕ್ಯಾಲೆಂಡರು ಮಿಷನ್ನಿನ ಮೇಲ್ಗಡೆ, ಕಿಟಕಿಯ ಎಡಕ್ಕೆ ತೂಗುತ್ತಿತ್ತು. ಅದರ ಮೊಳೆ ಇನ್ನೂ ಇತ್ತು. ಮೊಳೆಗೆ ಗುರಿಯಿಟ್ಟು ಒತ್ತಿದೆ. ಬೂದು ಸ್ಕ್ರೀನ್ ಒಮ್ಮೆ ಮಿನುಗಿ ನಮ್ಮ ಹಳೇ ಗೋಡೆಯ ತಿಳಿಹಸಿರು ಬಣ್ಣ ಬಂತು. ಶುಕ್ರವಾರ, ಹತ್ತು. ಕೆಳಗೆ ಮಿಷನ್ನಿನ ಮುಂದೆ ಅವರು ಕೂತಿರುತ್ತಾರೆ ಎಂದು ಗೊತ್ತಿತ್ತು. ಕ್ಯಾಮೆರಾ ಒಂದು ಗೇಣು ಕೆಳಗೆ ಬಾಗಿಸಿದರೆ ಸಾಕಿತ್ತು. ಬಾಗಿಸಲಿಲ್ಲ. ಮುಂದಿನ ವಾರಕ್ಕೆ ಎದೆ ಗಟ್ಟಿ ಮಾಡಿಕೊಳ್ಳುತ್ತಿದ್ದೆ, ಈಗಲೇ ನೋಡಿ ಮೆತ್ತಗಾಗುವುದು ಬೇಡ ಎನಿಸಿತು. ಅಂಕಿ ಸರಿ ಓದಿದೆನೋ ಎಂದು ಝೂಮ್ ಮಾಡಿ ಇನ್ನೊಮ್ಮೆ ಒತ್ತಿದೆ. ಹತ್ತೇ. ಹತ್ತು ನಿಮಿಷಕ್ಕೆ ಚೆಲುವಮ್ಮನಿಗೆ ಕೈಮುಗಿದು ಹೊರಬಂದೆ. ಐವತ್ತು ನಿಮಿಷ ಅಲ್ಲೇ ಬಿಟ್ಟು ಬಂದೆ ಎಂದು ಆಗ ಅನ್ನಿಸಲೂ ಇಲ್ಲ.

ಎರಡನೆಯ ಗುರುವಾರ ಮೂರಕ್ಕೆ ಸರಿಯಾಗಿ ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಅಲ್ಲಿಂದ ಮಿಷನ್ನೂ ಹೊರಬಾಗಿಲೂ ಎರಡೂ ಕಾಣುತ್ತವೆ. ಚೆಲುವಮ್ಮ ನನ್ನ ಮುಖ ನೋಡಿ ಹಿತ್ತಲಿಗೆ ಹೋದರು.

ಮೊದಲನೆಯ ಫೋಟೋದಲ್ಲಿ ಅಪ್ಪ ಇದ್ದರು. ತಲೆ ತಗ್ಗಿಸಿ, ಬಟ್ಟೆಯನ್ನು ಎರಡೂ ಅಂಗೈಯಿಂದ ತಳ್ಳುತ್ತ. ಎರಡನೆಯದರಲ್ಲಿ ಹೆಗಲಿಗೆ ಚೀಲ ಹಾಕಿಕೊಂಡ ನನ್ನ ಬೆನ್ನು. ಮೂರನೆಯದರಲ್ಲಿ ಬಾಗಿಲಲ್ಲಿ ಯಾರೂ ಇಲ್ಲ, ಬೀದಿಯ ಬಿಸಿಲು ಮಾತ್ರ, ಅಪ್ಪ ತಲೆ ಎತ್ತಿ ಆ ಬಿಸಿಲನ್ನು ನೋಡುತ್ತಿದ್ದಾರೆ. ಪಕ್ಕದ ಮುಖ ಮಾತ್ರ ಕಾಣುತ್ತಿತ್ತು. ಸಿಟ್ಟೋ ಏನೋ ಅದರಲ್ಲಿ ಬರೆದಿರಲಿಲ್ಲ. ಆಮೇಲೆ ಹದಿನೈದು ನಿಮಿಷ, ಒಂದೊಂದು ನಿಮಿಷಕ್ಕೆ ಒಂದೊಂದು, ಎಲ್ಲದರಲ್ಲೂ ಅವರು ಹೊಲಿಯುತ್ತಿದ್ದರು. ನನ್ನ ಹಿಂದೆ ಎದ್ದು ಬಂದಿರಲಿಲ್ಲ. ನನ್ನ ಎದೆಯೊಳಗೆ ಏನೋ ಸಡಿಲವಾಯಿತು. ಹಾಗೆ ಸಡಿಲವಾದದ್ದಕ್ಕೆ ನಾಚಿಕೆಯೂ ಆಯಿತು.

ಮೂರು ಇಪ್ಪತ್ತೆರಡಕ್ಕೆ ಅವರ ಕೈ ಎದೆಯ ಮೇಲಿತ್ತು. ಇಪ್ಪತ್ತಮೂರಕ್ಕೆ ಅವರು ಎದ್ದು ನಿಂತಿದ್ದರು, ಒಂದು ಕೈ ಮಿಷನ್ನಿನ ಮೇಲೆ. ಮುಂದಿನದರಲ್ಲಿ ಬಾಗಿಲ ಕಡೆ ಹೋಗಿರುತ್ತಾರೆ, ಯಾರನ್ನಾದರೂ ಕೂಗಿರುತ್ತಾರೆ ಎಂದುಕೊಂಡು ಒತ್ತಿದೆ. ಅವರು ಗೋಡೆಯ ಗೂಡಿನ ಹತ್ತಿರ ಇದ್ದರು. ಕೈಯಲ್ಲಿ ನೀಲಿ ಮರೆಬಟ್ಟೆ ಇತ್ತು.

ಮರೆಬಟ್ಟೆ ನಮ್ಮೂರಿನ ಮನೆಗಳಲ್ಲೆಲ್ಲ ಇರುತ್ತದೆ, ಕೋಣೆಗೆ ಅಡ್ಡ ಕಟ್ಟಿದ ಹಗ್ಗದ ಮೇಲೆ ಎಳೆಯುವುದಕ್ಕೆ. ಹೆರಿಗೆಯಾಗುವಾಗ, ಬಾಣಂತಿ ಹಾಲೂಡಿಸುವಾಗ, ಯಾರಾದರೂ ಕೊನೆಯುಸಿರಲ್ಲಿರುವಾಗ ಮನೆಯವರು ಎಳೆಯುತ್ತಾರೆ. ಆಮೇಲೆ ನೋಡುವವರಿಗೆ ಎಲ್ಲವೂ ಕಾಣಬೇಕಾಗಿಲ್ಲ. ನಮ್ಮ ಮನೆಯ ಮರೆಬಟ್ಟೆಯನ್ನು ಅಪ್ಪನೇ ಹೊಲಿದಿದ್ದರು, ನೆಲ ಮುಟ್ಟುವಷ್ಟು ಉದ್ದಕ್ಕೆ.

ಇಪ್ಪತ್ತೈದಕ್ಕೆ ಅದು ಅರ್ಧ ಹಗ್ಗದವರೆಗೆ ಬಂದಿತ್ತು, ಅದನ್ನು ಹಿಡಿದ ನಾಲ್ಕು ಬೆರಳು ಕಾಣುತ್ತಿದ್ದವು. ಇಪ್ಪತ್ತಾರಕ್ಕೆ ಪೂರ್ತಿ.

ಆಮೇಲೆ ನಾಲ್ಕರವರೆಗೂ ಒತ್ತಿದೆ. ಎಲ್ಲದರಲ್ಲೂ ನೀಲಿ ಬಟ್ಟೆ, ಅದರ ಪಕ್ಕದಲ್ಲಿ ಹೊರಬಾಗಿಲ ಬಿಸಿಲು, ಬರಬರುತ್ತ ಒಂದಿಷ್ಟು ಹಳದಿಯಾಗುತ್ತ. ಝೂಮ್ ಮಾಡಿ ಕೆಳಗಿನ ಅಂಚು ನೋಡಿದೆ, ಕಾಲಿನ ಬೆರಳಾದರೂ ಕಾಣುತ್ತದೇನೋ ಎಂದು. ಅಪ್ಪ ಹೊಲಿದ ಅಂಚು ಎಲ್ಲೂ ಮೇಲಕ್ಕೆ ಎತ್ತಿಕೊಳ್ಳುವುದಿಲ್ಲ.

ಗಂಟೆ ಮುಗಿದದ್ದು ನೋಡಿ ಚೆಲುವಮ್ಮ ಒಳಗೆ ಬಂದರು. ಕೈಯಲ್ಲಿ ಒಗೆದ ಬಟ್ಟೆಗಳ ರಾಶಿ. "ಈ ಹಗ್ಗ ನಿಮ್ಮದೇನಾ ತಂಗಿ?" ಎಂದು ಮೇಲೆ ತೋರಿಸಿದರು. "ನಾವು ಮಳೆ ಬಂದಾಗ ಬಟ್ಟೆ ಒಣಗಿಸೋಕೆ ಹಾಕ್ತೀವಿ. ಬಾಳ ಗಟ್ಟಿ ಐತೆ."

"ಅಮ್ಮನ ಕಾರ್ಖಾನೇದು," ಎಂದೆ.

"ಅದಕ್ಕೇ ಮತ್ತೆ," ಎಂದರು. ಒಂದು ಟವೆಲ್ಲು ಎತ್ತಿ ಹಾಕಲು ಹೋಗಿ, ನನ್ನನ್ನು ನೋಡಿ, ಮತ್ತೆ ಹೆಗಲಿಗೇ ಹಾಕಿಕೊಂಡರು.

ಮನೆಯಲ್ಲಿ ಅಮ್ಮ ಹೊಸ್ತಿಲ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ರಜೆ ಹಾಕಿದ್ದಳೆಂದು ಆಗ ತಿಳಿಯಿತು. ನಾನು ಪಕ್ಕದಲ್ಲಿ ಕೂತೆ. ಹೇಳುವುದಕ್ಕೆ ಬಹಳ ಇದೆ ಎಂದುಕೊಂಡು ಬಂದಿದ್ದೆ. ಹೇಳಿದ್ದು, "ಮರೆ ಎಳ್ಕೊಂಡಿದಾರೆ," ಎಂದಷ್ಟೇ.

"ಗೊತ್ತು. ನಾನು ಬಂದಾಗ ಹಾಕಿತ್ತು. ನಾನೇ ತೆಗೆದು ಮಡಿಸಿಟ್ಟೆ."

"ಮತ್ತೆ ಯಾಕೆ ಹೇಳಲಿಲ್ಲ? ಅಂಗಡೀಲೇ ಹೇಳಬಹುದಿತ್ತು."

"ಹೇಳಿದ್ರೆ ಮರೆ ಹಿಂದೆ ಏನಿತ್ತು ಅಂತ ಕೇಳ್ತಿದ್ದೆ. ನನಗೂ ಗೊತ್ತಿಲ್ಲವಲ್ಲ ಇಂದೂ." ಒಂದು ಕಾಯಿ ಬಿಡಿಸಿ, ಹುಳ ಹಿಡಿದ ಕಾಳನ್ನು ಅಂಗಳಕ್ಕೆ ಎಸೆದಳು.

ನಾನು ಕೇಳಬಾರದೆಂದುಕೊಂಡದ್ದನ್ನೇ ಕೇಳಿದೆ. "ನನ್ನ ಮೇಲಿನ ಸಿಟ್ಟಿಗೆ ಎಳ್ಕೊಂಡ್ರಾ? ಆಮೇಲಿನದು ಬೇಡ ಅಂದಿದ್ದೆ. ಹಾಗಾದ್ರೆ ನೋಡಬೇಡ ಅಂತ?"

ಅಮ್ಮ ಇನ್ನೊಂದು ಕಾಯಿ ಕೈಗೆತ್ತಿಕೊಂಡಳು. "ಬಾಗಿಲು ಹೆಂಗಿತ್ತು ಫೋಟೋದಲ್ಲಿ?"

"ತೆರೆದಿತ್ತು."

"ಕೊನೇವರೆಗೂ?"

"ಕೊನೇವರೆಗೂ."

"ಮೂವತ್ತು ವರ್ಷ ಸಂಸಾರ ಮಾಡಿದೀನಿ. ಸಿಟ್ಟು ಬಂದ್ರೆ ಅವರು ಬಾಗಿಲು ಹಾಕ್ಕೊಳ್ಳೋರು. ನಿಂಗೂ ಗೊತ್ತು, ಎಷ್ಟು ಸಲ ಹಿತ್ತಲಿಂದ ಸುತ್ತಿ ಬಂದಿದೀವಿ." ಸಿಪ್ಪೆಗಳನ್ನು ಒಂದು ಕಡೆ ಸರಿಸಿದಳು. "ನೀನು ಬಂದೇ ಬರ್ತೀಯ ನೋಡೋಕೆ ಅಂತ ಗೊತ್ತಿತ್ತು ಅವರಿಗೆ. ನೋಡಿ ತಡ್ಕೊಳ್ಳೋಳಲ್ಲ ಅಂತಾನೂ ಗೊತ್ತಿತ್ತು."

ನಾನು ಅಳಲಿಲ್ಲ. ನಾಲ್ಕು ನಿಮಿಷ, ಎದೆ ಹಿಡಿದುಕೊಂಡು, ಕೂಗಲು ತೆರೆದ ಬಾಗಿಲು ಅಷ್ಟು ಹತ್ತಿರ ಇದ್ದಾಗ, ಒಬ್ಬ ಮನುಷ್ಯ ಗೂಡಿನ ಕಡೆ ನಡೆದಿದ್ದ. ಅದನ್ನೇ ಯೋಚಿಸುತ್ತ ಕೂತೆ. ಈಗಲೂ ಅದನ್ನೇ ಯೋಚಿಸುತ್ತೇನೆ.

"ಕೊಡು ಇಲ್ಲಿ," ಎಂದು ಅಮ್ಮ ಕೈ ಒರೆಸಿಕೊಂಡು ಕ್ಯಾಮೆರಾ ತೆಗೆದುಕೊಂಡಳು. ಹಿಂದಕ್ಕೆ ಹೋಗುವ ಗುಂಡಿ ಒತ್ತತೊಡಗಿದಳು. ನೀಲಿ, ನೀಲಿ, ನೀಲಿ. ಬೆರಳುಗಳು ಬಂದಾಗ ನಿಲ್ಲದೆ ಬೇಗ ದಾಟಿಸಿದಳು. ಎದೆಯ ಮೇಲಿನ ಕೈ ಇದ್ದುದನ್ನೂ ದಾಟಿಸಿದಳು. ಹೊಲಿಯುತ್ತಿದ್ದವುಗಳನ್ನು ಮಾತ್ರ ಒಂದೊಂದಾಗಿ ನೋಡಿದಳು, ಆದರೆ ಆ ದಿನದ್ದೆಂದು ಗೊತ್ತಿದ್ದುದರಿಂದಲೋ ಏನೋ ಅವುಗಳಲ್ಲಿ ಅವಳ ಮನಸ್ಸು ನಿಲ್ಲಲಿಲ್ಲ. ಹೋಗುತ್ತ ಹೋಗುತ್ತ ಕೊನೆಗೆ ಕ್ಯಾಲೆಂಡರು ಬಂತು.

"ಇದು ಯಾವತ್ತಿದು?"

"ಅದರ ಹಿಂದಿನ ವಾರದ್ದು. ಪರೀಕ್ಷೆಗೆ ತೆಗೆದಿದ್ದು."

"ಅವತ್ತು ಚೆನ್ನಾಗಿದ್ರು. ಅವರೆಕಾಳು ಸಾರು ಮಾಡಿದ್ದೆ, ಎರಡು ಸಲ ಹಾಕಿಸ್ಕೊಂಡ್ರು." ಸ್ಕ್ರೀನನ್ನು ಕಣ್ಣಿನ ಹತ್ತಿರ ಹಿಡಿದಳು. ದೂರ ಹಿಡಿದಳು. "ಇಲ್ಲಿ ನೋಡು."

ಚಿತ್ರದ ಕೆಳಗಿನ ಬಲಮೂಲೆಯಲ್ಲಿ ಮೊಣಕೈ ಇತ್ತು. ಅಷ್ಟೇ, ಮಡಿಸಿದ ತೋಳಂಗಿಯ ಕೆಳಗೆ ಒಂದು ಮೊಣಕೈ, ಅದಕ್ಕೆ ಅಂಟಿದ ಬಿಳಿ ದಾರದ ಚೂರು. ನಾನು ಅಂಕಿಯನ್ನು ಮಾತ್ರ ಓದಿದ್ದೆ, ಅದನ್ನು ನೋಡಿರಲಿಲ್ಲ.

"ಇನ್ನೊಂದು ಇಲ್ವಾ?"

"ಇನ್ನೊಂದರಲ್ಲಿ ಕ್ಯಾಲೆಂಡರಷ್ಟೇ ಇದೆ." ಒಂದು ಗೇಣು ಬಾಗಿಸಬಹುದಿತ್ತು, ಐವತ್ತು ನಿಮಿಷ ಇತ್ತು, ಅವರು ಚೆನ್ನಾಗಿದ್ದರು, ಮಿಷನ್ ಮುಂದೆ ಕೂತಿದ್ದರು, ನಾನು ಎದುರಿಗೇ ನಿಂತಿದ್ದೆ ಎಂದು ಹೇಳಬೇಕೆಂದಿದ್ದೆ. ಹೇಳದಿದ್ದರೂ ಅವಳಿಗೆ ತಿಳಿಯಿತು. ಎಂಟು ವರ್ಷದ ಮಂಗಳವಾರಗಳ ಬಗ್ಗೆ ಅವಳೂ ಮಾತೆತ್ತಲಿಲ್ಲ.

"ಇದನ್ನ ಪ್ರಿಂಟ್ ಹಾಕಿಸು," ಎಂದಳು. "ದೊಡ್ಡದು ಬೇಡ. ಪರ್ಸಿನಲ್ಲಿ ಹಿಡಿಸೋಷ್ಟು."

ಮಾರನೆಯ ದಿನ ಬೆಳಿಗ್ಗೆ ಪ್ರಿಂಟ್ ಹಾಕಿಸಲೆಂದೇ ಹೊರಟೆ. ಚಪ್ಪಲಿ ಮೆಟ್ಟಿ, ಹೊಸ್ತಿಲ ಹತ್ತಿರ ನಿಂತೆ. ಆಮೇಲೆ ತಿರುಗಿದೆ. ಎಷ್ಟೋ ವರ್ಷದಿಂದ ಮಾಡಿರದ ಕಾರಣ ಎಲ್ಲಿ ನೋಡಬೇಕೆಂದೇ ಗೊತ್ತಾಗಲಿಲ್ಲ. ಖಾಲಿ ಜಾಗ ಎಂದರೆ ಯಾವುದು, ಎಷ್ಟು ಎತ್ತರದಲ್ಲಿ ಎಂದು ತಡವರಿಸಿ, ಎದುರುಗೋಡೆಯ ಮೇಲ್ಭಾಗವನ್ನು ನೋಡುತ್ತ ಉಸಿರು ಎಣಿಸತೊಡಗಿದೆ.

ಅಮ್ಮ ಒಲೆಯ ಮುಂದೆ ಕೂತಿದ್ದವಳು ಕತ್ತು ಚಾಚಿ ನೋಡಿದಳು. ಎದ್ದು ಬಂದಳು. ನನ್ನ ಚೀಲದಿಂದ ಕ್ಯಾಮೆರಾ ತೆಗೆದು, ಒಳಗಿನ ಸಣ್ಣ ಕಾರ್ಡನ್ನಷ್ಟೇ ನನ್ನ ಕೈಗೆ ಕೊಟ್ಟು, ಕ್ಯಾಮೆರಾವನ್ನು ತನ್ನ ಮಡಿಲಿಗೆ ಕಟ್ಟಿಕೊಂಡಳು. ತೆಗೆದ ಫೋಟೋಗಳೆಲ್ಲ ಆ ಕಾರ್ಡಿನಲ್ಲೇ ಇದ್ದವು. ಕ್ಯಾಮೆರಾದಲ್ಲಿ ಇನ್ನೇನೂ ಉಳಿದಿರಲಿಲ್ಲ, ಮುಂದಿನ ನಾನೂರ ಮೂವತ್ತಮೂರು ದಿನಗಳನ್ನು ಬಿಟ್ಟರೆ.

"ಅಲ್ಲಿ ಮೇಲೆ ಯಾರನ್ನ ನೋಡ್ತೀಯ?" ಎಂದಳು. "ಕೆಳಗೆ ನೋಡು. ಆಮೇಲೆ ಕ್ಯಾಮೆರಾ ಹಿಡಿಯೋಳು ನಾನು, ಇಷ್ಟೇ ಎತ್ತರ ಇರೋದು."

ನಾನು ಕಣ್ಣು ಒಂದು ಗೇಣು ಕೆಳಗಿಳಿಸಿದೆ. ಮತ್ತೆ ಮೊದಲಿನಿಂದ ಉಸಿರು ಎಣಿಸಿದೆ.